ಎಡವೋ ಬಲವೋ: ಲೋಕಲ್ ರೈಲಿನ ಹಳಿಯ ಮೇಲೆ ಮಿದುಳು ಮಾಡುವ ಲೆಕ್ಕ

ಮುಂಬಯಿಗೆ ಬಂದ ಹೊಸದರಲ್ಲಿ ಮನೆ ಎಲ್ಲಿ ಎಂದು ಹೇಳಿದ ಕೂಡಲೇ ಎದುರಿನವರು ಕೇಳುವ ಪ್ರಶ್ನೆ ಒಂದೇ: ‘ಈಸ್ಟಾ, ವೆಸ್ಟಾ?’ ರಸ್ತೆಯ ಹೆಸರು, ಕಟ್ಟಡದ ಹೆಸರು ಎಲ್ಲ ಆಮೇಲೆ. ಮಲಾಡ್ ಇರಲಿ, ಮುಲುಂಡ್ ಇರಲಿ, ನಮ್ಮವರು ತುಂಬಿರುವ ಡೊಂಬಿವಲಿ ಇರಲಿ, ಊರನ್ನು ಎರಡು ಪಾಲು ಮಾಡಿರುವುದು ರೈಲು ಹಳಿ. ಹಳಿಯ ಈಚೆಗಿದ್ದರೆ ಒಂದು ಲೋಕ, ಆಚೆಗಿದ್ದರೆ ಇನ್ನೊಂದು. ರಿಕ್ಷಾದವನಿಂದ ಹಿಡಿದು ಹಾಲು ಹಾಕುವವನವರೆಗೆ ಎಲ್ಲರ ತಲೆಯಲ್ಲೂ ಇದೇ ನಕ್ಷೆ.

ಕರಾವಳಿಯಿಂದ ಬಂದವರಿಗೆ ಇದು ಅಷ್ಟೇನೂ ಹೊಸದಲ್ಲ. ನಮ್ಮ ಕಡೆ ಊರಿನ ಹೆಸರಿನಲ್ಲೇ ದಿಕ್ಕಿದೆ. ಮೂಡುಬಿದಿರೆ ಮೂಡಣಕ್ಕೆ, ಪಡುಬಿದ್ರಿ ಪಡುವಣಕ್ಕೆ. ತೆಂಕ ಎರ್ಮಾಳು ಇದ್ದರೆ ಬಡಾ ಎರ್ಮಾಳೂ ಇದೆ. ಯಕ್ಷಗಾನವೂ ತೆಂಕುತಿಟ್ಟು, ಬಡಗುತಿಟ್ಟು. ಪಡುವಣದಲ್ಲಿ ಕಡಲು, ಮೂಡಣದಲ್ಲಿ ಘಟ್ಟ. ಇವೆರಡೂ ಕದಲದೆ ನಿಂತಿರುವಾಗ ದಿಕ್ಕು ತಪ್ಪುವ ಮಾತೇ ಇಲ್ಲ. ಹಿರಿಯರು ಅಂಗಳದಲ್ಲಿ ಹುಲ್ಲುಮೆದೆಯನ್ನು ‘ಸ್ವಲ್ಪ ಎಡಕ್ಕೆ’ ಅನ್ನುತ್ತಿರಲಿಲ್ಲ, ‘ಸ್ವಲ್ಪ ಬಡಕ್ಕೆ’ ಅನ್ನುತ್ತಿದ್ದರು. ಮುಂಬಯಿಯಲ್ಲಿ ಕಡಲಿನ ಕೆಲಸವನ್ನು ಹಳಿ ಮಾಡುತ್ತದೆ, ಅಷ್ಟೇ ವ್ಯತ್ಯಾಸ.

ಈ ಎರಡು ಬಗೆಯ ದಿಕ್ಕಿನ ನಡುವಿನ ವ್ಯತ್ಯಾಸ ದೊಡ್ಡದು. ಮೂಡು, ಪಡು ಭೂಮಿಗೆ ಅಂಟಿಕೊಂಡವು. ಎಡ, ಬಲ ನಮ್ಮ ಮೈಗೆ ಅಂಟಿಕೊಂಡವು. ಬೆಳಿಗ್ಗೆ ಚರ್ಚ್‌ಗೇಟ್ ಕಡೆಗೆ ಮುಖ ಮಾಡಿ ಕೂತರೆ ಈಸ್ಟ್ ನಿಮ್ಮ ಎಡಕ್ಕೆ. ಸಂಜೆ ವಾಪಸ್ ಬರುವಾಗ ಅದೇ ಈಸ್ಟ್ ಬಲಕ್ಕೆ. ಊರು ಜಾಗ ಬದಲಿಸಿಲ್ಲ, ನೀವು ತಿರುಗಿದ್ದೀರಿ. ಮೆಟ್ರೊದಲ್ಲಿ ‘ಬಾಗಿಲು ಎಡಗಡೆಗೆ ತೆರೆಯುತ್ತದೆ’ ಎಂಬ ಪ್ರಕಟಣೆ ಬಂದಾಗ ರೈಲಿನ ಚಲನೆಗೆ ಬೆನ್ನು ಹಾಕಿ ನಿಂತವರು ಒಂದು ಕ್ಷಣ ತಡೆಯುತ್ತಾರೆ. ಯಾರ ಎಡ? ನನ್ನದೋ, ರೈಲಿನದೋ?

ಭಾಷಾವಿಜ್ಞಾನಿ ಸ್ಟೀಫನ್ ಲೆವಿನ್ಸನ್ ಮತ್ತು ಅವರ ಸಂಗಾತಿಗಳು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಮೇಜಿನ ಮೇಲೆ ಕೆಲವು ಆಟಿಕೆಗಳನ್ನು ಸಾಲಾಗಿ ಇಡುವುದು, ನೋಡಿದವರನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಂದು ಮೇಜಿನ ಮುಂದೆ ನಿಲ್ಲಿಸುವುದು, ‘ಅದೇ ಸಾಲು ಜೋಡಿಸಿ’ ಎನ್ನುವುದು. ಡಚ್ ಭಾಷಿಕರು ಎಡದಲ್ಲಿದ್ದುದನ್ನು ಎಡದಲ್ಲೇ ಇಟ್ಟರು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಗೂಗು ಯಿಮಿದಿರ್ ಭಾಷೆಯವರು ಉತ್ತರದಲ್ಲಿದ್ದುದನ್ನು ಉತ್ತರದಲ್ಲೇ ಇಟ್ಟರು. ಅವರ ಮಾತಿನಲ್ಲಿ ದಿಕ್ಕು ಹೇಳುವುದೇ ಹಾಗೆ. ಒಂದೇ ಮೇಜು, ಒಂದೇ ಆಟಿಕೆ. ‘ಅದೇ’ ಎಂಬುದರ ಅರ್ಥ ಮಾತ್ರ ಬೇರೆ.

ಕಿವಿ ಒಂದು ಕಡೆ, ಮಾತು ಒಂದು ಕಡೆ

ಕಾರ್ಖಾನೆಗಳ ಕಂಟ್ರೋಲ್ ರೂಮಿನಲ್ಲಿ ಆಪರೇಟರ್ ಎದುರಿಗಿರುವ ಪರದೆ ಮತ್ತು ಗುಂಡಿಗಳನ್ನು ಎಲ್ಲೆಲ್ಲಿ ಇಡಬೇಕು ಎಂದು ಯೋಚಿಸುವುದು ನನ್ನ ಉದ್ಯೋಗ. ಆದ್ದರಿಂದ ಈ ವಿಷಯ ನನಗೆ ಹೊಟ್ಟೆಪಾಡು. ನಮ್ಮ ಕಸುಬಿನಲ್ಲಿ ಎಲ್ಲರೂ ಮೊದಲು ಓದುವ ಒಂದು ಪ್ರಯೋಗವಿದೆ. 1967ರಲ್ಲಿ ಅಮೆರಿಕದ ಜೆ. ರಿಚರ್ಡ್ ಸೈಮನ್ ಮತ್ತು ರುಡೆಲ್ ಎಂಬವರು ಪ್ರಕಟಿಸಿದ್ದು. ಹೆಡ್‌ಫೋನ್ ಹಾಕಿಕೊಂಡವರಿಗೆ ‘ಎಡ’ ಅಥವಾ ‘ಬಲ’ ಎಂಬ ಪದ ಕೇಳಿಸುತ್ತದೆ. ‘ಎಡ’ ಎಂದರೆ ಎಡಗಡೆಯ ಗುಂಡಿ ಒತ್ತಬೇಕು, ‘ಬಲ’ ಎಂದರೆ ಬಲಗಡೆಯದು. ಮಗುವೂ ಮಾಡಬಹುದಾದ ಕೆಲಸ. ಆದರೆ ಪದ ಕೆಲವೊಮ್ಮೆ ಎಡಗಿವಿಯಲ್ಲಿ, ಕೆಲವೊಮ್ಮೆ ಬಲಗಿವಿಯಲ್ಲಿ ಕೇಳಿಸುತ್ತದೆ. ಯಾವ ಕಿವಿ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಅಗತ್ಯವೇ ಇಲ್ಲ.

ಅಗತ್ಯವಿಲ್ಲದಿದ್ದರೂ ಮಿದುಳು ತೆಗೆದುಕೊಳ್ಳುತ್ತದೆ. ‘ಬಲ’ ಎಂಬ ಪದ ಬಲಗಿವಿಗೆ ಬಂದರೆ ಬೆರಳು ಚುರುಕು. ಅದೇ ಪದ ಎಡಗಿವಿಗೆ ಬಂದರೆ ನಿಧಾನ. ಮುಂದೆ ಇದನ್ನು ಬೆಳಕು, ಬಣ್ಣ, ಆಕಾರಗಳಲ್ಲೂ ಪರೀಕ್ಷಿಸಿದರು. ಹಸಿರು ಕಂಡರೆ ಎಡಗುಂಡಿ, ಕೆಂಪು ಕಂಡರೆ ಬಲಗುಂಡಿ ಎಂದು ಹೇಳಿದರೂ, ಹಸಿರು ಪರದೆಯ ಬಲಭಾಗದಲ್ಲಿ ಮೂಡಿದರೆ ಕೈ ತಡವರಿಸುತ್ತದೆ, ತಪ್ಪುಗಳೂ ಹೆಚ್ಚುತ್ತವೆ. ವ್ಯತ್ಯಾಸ ಸಾಮಾನ್ಯವಾಗಿ 20–30 ಮಿಲಿಸೆಕೆಂಡಿನ ಸುಮಾರು, ಅಂದರೆ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ. ಆದರೆ ಪ್ರಯೋಗ ಎಷ್ಟು ಸಲ ಮಾಡಿದರೂ ಅದು ತಪ್ಪದೆ ಕಾಣಿಸಿಕೊಳ್ಳುತ್ತದೆ. ಇದಕ್ಕೆ ‘ಸೈಮನ್ ಪರಿಣಾಮ’ ಎಂದೇ ಹೆಸರು.

ಇನ್ನೂ ಸೋಜಿಗದ ಸಂಗತಿ ಇದೆ. ಎರಡು ಕೈಗಳನ್ನು ಕತ್ತರಿಯಂತೆ ಅಡ್ಡ ಹಾಕಿ, ಎಡಗೈಯಿಂದ ಬಲಗುಂಡಿ, ಬಲಗೈಯಿಂದ ಎಡಗುಂಡಿ ಒತ್ತಿಸಿದರೂ ಫಲ ಅದೇ. ಚುರುಕಾಗುವುದು ಆ ಬದಿಯ ಕೈ ಅಲ್ಲ, ಆ ಬದಿಯ ಜಾಗ. ಏನೋ ಒಂದು ಎಡದಿಂದ ಬಂತು ಎಂದರೆ ಎಡಕ್ಕೆ ಉತ್ತರ ಕೊಡಲು ಮಿದುಳು ತಯಾರಾಗಿಬಿಡುತ್ತದೆ. ಬಂದದ್ದೇನು ಎಂಬ ವಿಚಾರಣೆ ಅದರ ಹಿಂದಿನಿಂದ ಬರುತ್ತದೆ. ಎರಡೂ ಒಂದೇ ಕಡೆಗೆ ಎಳೆದರೆ ಕೆಲಸ ಸಲೀಸು. ಬೇರೆ ಬೇರೆ ಕಡೆಗೆ ಎಳೆದರೆ ಮೊದಲ ಎಳೆತವನ್ನು ತಡೆದು ನಿಲ್ಲಿಸಬೇಕು, ಅದಕ್ಕೆ ಸಮಯ ಬೇಕು.

ಇದರ ಮನೆಮಟ್ಟದ ಸಾಕ್ಷಿ ಅಡುಗೆಮನೆಯಲ್ಲಿದೆ. ಎರಡು ಬರ್ನರಿನ ಗ್ಯಾಸ್ ಒಲೆಯಲ್ಲಿ ಎಡದ ಗುಬ್ಬಿ ಎಡದ ಬರ್ನರಿಗೆ, ಬಲದ್ದು ಬಲಕ್ಕೆ. ಯಾರಿಗೂ ಯೋಚನೆಯೇ ಬೇಡ. ನಾಲ್ಕು ಬರ್ನರ್ ಚೌಕಾಕಾರವಾಗಿ, ನಾಲ್ಕು ಗುಬ್ಬಿ ಒಂದೇ ಸಾಲಿನಲ್ಲಿ ಬಂದಾಗ ತಾಪತ್ರಯ ಶುರು. ಹಿಂದಿನ ಎಡ ಬರ್ನರಿಗೆ ಮೊದಲ ಗುಬ್ಬಿಯೋ ಎರಡನೆಯದೋ? 1959ರಲ್ಲೇ ಅಲ್ಫಾನ್ಸ್ ಚಪಾನಿಸ್ ಮತ್ತು ಲಿಂಡೆನ್‌ಬಾಮ್ ಇದನ್ನು ಅಳೆದು ನೋಡಿದ್ದರು. ಬರ್ನರುಗಳನ್ನು ಸ್ವಲ್ಪ ಓರೆಯಾಗಿ ಹಂಚಿ, ಗುಬ್ಬಿಗಳ ಸಾಲಿನ ಕ್ರಮಕ್ಕೆ ಹೊಂದಿಸಿದರೆ ತಪ್ಪು ಇಲ್ಲವಾಗುತ್ತದೆ ಎಂದು ತೋರಿಸಿದರು. ಅಷ್ಟು ವರ್ಷಗಳ ನಂತರವೂ ಅಂಗಡಿಯಲ್ಲಿ ಹಳೆಯ ಜೋಡಣೆಯ ಒಲೆಯೇ ಹೆಚ್ಚು. ಸಭಾಭವನಗಳ ಗೋಡೆಯ ಮೇಲೆ ಒಂದೇ ತರಹದ ಹತ್ತು ಸ್ವಿಚ್ ಸಾಲಾಗಿ ಕೂತಿರುವುದನ್ನು ನೋಡಿಲ್ಲವೇ? ಒಂದು ಫ್ಯಾನ್ ಹಾಕಲು ಇಡೀ ಸಭೆಯ ದೀಪ ಆರಿಸುವ ಕಾರ್ಯಕರ್ತರನ್ನು ಬೈಯುವ ಮುನ್ನ ಸ್ವಿಚ್ ಬೋರ್ಡನ್ನು ನೋಡಬೇಕು.

ಕಾರ್ಖಾನೆಯಲ್ಲಾದರೆ ಇದು ನಗುವ ಮಾತಲ್ಲ. ಅಂಗಳದಲ್ಲಿ ಬಲಕ್ಕಿರುವ ಪಂಪು ಪರದೆಯಲ್ಲಿ ಎಡಕ್ಕೆ ಚಿತ್ರಿತವಾಗಿದ್ದರೆ, ಎಲ್ಲ ಸರಿಯಿರುವ ದಿನ ಯಾರಿಗೂ ತೊಂದರೆಯಿಲ್ಲ. ಅಲಾರಂ ಕೂಗಿದ ರಾತ್ರಿ, ಹತ್ತು ವರ್ಷ ಅನುಭವವಿದ್ದ ಆಪರೇಟರ್ ಕೂಡ ಸರಿಯಿರುವ ಪಂಪನ್ನು ನಿಲ್ಲಿಸಬಹುದು.

ದಾದರಿನಲ್ಲಿ ಎರಡು ಒಂದನೇ ಪ್ಲಾಟ್‌ಫಾರ್ಮ್

ಮುಂಬಯಿಯ ಲೋಕಲ್ ರೈಲು ವ್ಯವಸ್ಥೆ ಜಾಗವನ್ನೇ ಭಾಷೆಯಾಗಿ ಬಳಸುತ್ತದೆ. ಫಸ್ಟ್ ಕ್ಲಾಸ್ ಡಬ್ಬಿ ಎಲ್ಲಿ ಬಂದು ನಿಲ್ಲುತ್ತದೆ ಎಂದು ಹೇಳಲು ಪ್ಲಾಟ್‌ಫಾರ್ಮಿನ ಮೇಲೆ ಓರೆ ಪಟ್ಟೆಗಳು. ಇಂಡಿಕೇಟರಿನಲ್ಲಿ ಊರಿನ ಹೆಸರಿಗೆ ಒಂದೆರಡು ಅಕ್ಷರ, ಫಾಸ್ಟೋ ಸ್ಲೋವೋ ಎನ್ನಲು ಇನ್ನೊಂದು ಅಕ್ಷರ, ಹನ್ನೆರಡು ಡಬ್ಬಿಯೋ ಹದಿನೈದೋ ಎಂಬ ಅಂಕಿ. ಹಳಬರು ಇದನ್ನು ಓದುವುದೇ ಇಲ್ಲ. ಯಾವ ಕಂಬದ ಪಕ್ಕ ನಿಂತರೆ ಇಳಿಯುವ ಸ್ಟೇಷನ್ನಿನಲ್ಲಿ ಸೇತುವೆಯ ಮೆಟ್ಟಿಲು ಎದುರಿಗೇ ಸಿಗುತ್ತದೆ ಎಂಬುದು ಅವರ ಕಾಲಿಗೇ ಗೊತ್ತು.

ಅಂಥವರನ್ನೂ ದಾದರ್ ಕಂಗಾಲು ಮಾಡುತ್ತಿತ್ತು. ಪಶ್ಚಿಮ ರೈಲ್ವೆಯೂ ಮಧ್ಯ ರೈಲ್ವೆಯೂ ಅಕ್ಕಪಕ್ಕ ಇರುವ ಆ ಸ್ಟೇಷನ್ನಿನಲ್ಲಿ ಎರಡೂ ಕಡೆ ಒಂದರಿಂದಲೇ ಎಣಿಕೆ ಶುರುವಾಗುತ್ತಿತ್ತು. ‘ನಾಲ್ಕನೇ ಪ್ಲಾಟ್‌ಫಾರ್ಮಿಗೆ ಬಾ’ ಎಂದರೆ ಎರಡು ನಾಲ್ಕು. ಊರಿನಿಂದ ಬಂದ ನೆಂಟರು ಒಂದು ನಾಲ್ಕರಲ್ಲಿ, ಕರೆದೊಯ್ಯಲು ಹೋದವರು ಇನ್ನೊಂದು ನಾಲ್ಕರಲ್ಲಿ. 2023ರ ಡಿಸೆಂಬರ್ 9ರಿಂದ ಅದು ಬದಲಾಯಿತು. ಪಶ್ಚಿಮದ್ದು 1ರಿಂದ 7, ಮಧ್ಯದ್ದು 8ರಿಂದ 14. ಒಂದು ಇಟ್ಟಿಗೆಯನ್ನೂ ಕದಲಿಸಬೇಕಾಗಲಿಲ್ಲ, ಅಂಕಿ ಬದಲಿಸಿದರು ಅಷ್ಟೇ.

ಅಂಕಿಗೂ ಜಾಗಕ್ಕೂ ಮಿದುಳಿನಲ್ಲಿ ನಂಟಿದೆ. 1993ರಲ್ಲಿ ಸ್ಟಾನಿಸ್ಲಾಸ್ ಡೆಹೆನ್ ಮತ್ತು ಜೊತೆಗಾರರು ತೋರಿಸಿದಂತೆ, ಸಣ್ಣ ಅಂಕಿಗೆ ಎಡಗುಂಡಿ, ದೊಡ್ಡ ಅಂಕಿಗೆ ಬಲಗುಂಡಿ ಒತ್ತುವುದು ಸುಲಭ. ಎಡದಿಂದ ಬಲಕ್ಕೆ ಓದುವ ನಮ್ಮಂಥವರ ತಲೆಯಲ್ಲಿ ಅಂಕಿಗಳು ಅಳತೆಪಟ್ಟಿಯಂತೆ ಸಾಲಾಗಿ ಕೂತಿರುತ್ತವೆ. ಹದಿನಾಲ್ಕು ಪ್ಲಾಟ್‌ಫಾರ್ಮಿಗೆ ಒಂದೇ ಸಾಲು ಎಂದರೆ ತಲೆಯೊಳಗಿನ ಪಟ್ಟಿಯೂ ಹೊರಗಿನ ನೆಲವೂ ಒಂದಾದಂತೆ. ಹನ್ನೊಂದಕ್ಕೆ ಹೋಗಬೇಕಾದವನು ಒಂಬತ್ತರ ಫಲಕ ಕಂಡರೆ ಯಾವ ಕಡೆಗೆ ನಡೆಯಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ.

ಹುಣ್ಣಿಮೆ ಚಂದ್ರನಷ್ಟು ಅಗಲದ ರೈಲು

ತಪ್ಪು ಪ್ಲಾಟ್‌ಫಾರ್ಮಿಗೆ ಹೋದರೆ ಒಂದು ರೈಲು ತಪ್ಪುತ್ತದೆ. ಹಳಿಯ ಮೇಲೆ ಲೆಕ್ಕ ತಪ್ಪಿದರೆ ಜೀವ ಹೋಗುತ್ತದೆ. ಮುಂಬಯಿಯ ಉಪನಗರ ರೈಲು ಮಾರ್ಗಗಳಲ್ಲಿ ಈಗಲೂ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಮಂದಿ ಸಾಯುತ್ತಾರೆ. ಹದಿನೈದು ವರ್ಷದ ಹಿಂದೆ ದಿನಕ್ಕೆ ಸರಾಸರಿ ಹತ್ತು ಎಂಬ ಮಾತಿತ್ತು. ಬಾಗಿಲಿನಿಂದ ಬೀಳುವವರೂ ಅದರಲ್ಲಿದ್ದಾರೆ. 2025ರ ಜೂನ್ 9ರಂದು ಮುಂಬ್ರಾದ ತಿರುವಿನಲ್ಲಿ ಎರಡು ರೈಲುಗಳು ಎದುರುಬದುರಾಗಿ ಹಾದುಹೋಗುವಾಗ ಬಾಗಿಲಲ್ಲಿ ಜೋತಿದ್ದವರು ಬಿದ್ದು ಸತ್ತದ್ದನ್ನು ಮರೆಯಲಾಗದು. ಆದರೆ ಬಹಳ ದೊಡ್ಡ ಪಾಲು ಹಳಿ ದಾಟುವಾಗ ಸಾಯುವವರದು.

ಕಾನೂನು ಇಲ್ಲವೆಂದಲ್ಲ. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅಕ್ರಮವಾಗಿ ಹಳಿ ದಾಟಿದರೆ ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ. ಫಲಕಗಳಿವೆ, ಪ್ರಕಟಣೆಗಳಿವೆ. ಆದರೂ ದಾಟುತ್ತಾರೆ. ‘ಅವಸರದ ಜನ, ಬುದ್ಧಿಯಿಲ್ಲ’ ಎಂದು ನಾವು ಮುಂದೆ ಹೋಗುತ್ತೇವೆ. ಅವಸರ ನಿಜ. ಆದರೆ ಪಕ್ಕದಲ್ಲೇ ರೈಲು ಬರುತ್ತಿರುವುದನ್ನು ಕಣ್ಣಾರೆ ಕಂಡೂ ದಾಟುವವರನ್ನು ನೋಡಿದ್ದೇವಲ್ಲ? ಅವರು ಸಾಯಲು ಹೊರಟವರಲ್ಲ. ‘ಇನ್ನೂ ದೂರ ಇದೆ, ನಿಧಾನ ಬರ್ತಿದೆ’ ಎಂದು ಅವರ ಕಣ್ಣು ಅವರಿಗೆ ಹೇಳಿದೆ.

ಆ ಕಣ್ಣಿನ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡೋಣ. ಲೋಕಲ್ ಡಬ್ಬಿಯ ಅಗಲ 3.66 ಮೀಟರ್. ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ ಎಂದುಕೊಳ್ಳಿ, ಅಂದರೆ ಸೆಕೆಂಡಿಗೆ 20 ಮೀಟರ್. 400 ಮೀಟರ್ ದೂರದಲ್ಲಿರುವಾಗ ಅದು ನಮ್ಮ ಕಣ್ಣಿಗೆ ಕಾಣುವ ಅಗಲ ಸುಮಾರು ಅರ್ಧ ಡಿಗ್ರಿ, ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟು. ಅದು ನಮ್ಮನ್ನು ತಲುಪಲು 20 ಸೆಕೆಂಡ್ ಬೇಕು. ಮೊದಲ 10 ಸೆಕೆಂಡ್ ಕಳೆದಾಗ ಅದು 200 ಮೀಟರಿಗೆ ಬಂದು ಎರಡು ಚಂದ್ರನಷ್ಟಾಗಿದೆ, ಅಷ್ಟೇ. ಇನ್ನೂ 5 ಸೆಕೆಂಡಿಗೆ ನಾಲ್ಕು ಚಂದ್ರ. ಅಲ್ಲಿಂದ ಎರಡೂವರೆ ಸೆಕೆಂಡಿಗೆ ಎಂಟು. ಉಳಿದ ಎರಡೂವರೆ ಸೆಕೆಂಡಿನಲ್ಲಿ ಅದು ಇಡೀ ನೋಟವನ್ನೇ ತುಂಬುತ್ತದೆ. ಹತ್ತು ಸೆಕೆಂಡ್ ಹೆಚ್ಚೇನೂ ಬೆಳೆಯದ ಒಂದು ವಸ್ತು ಕೊನೆಯ ಐದು ಸೆಕೆಂಡಿನಲ್ಲಿ ಏಕಾಏಕಿ ಮೈಮೇಲೆ ಬರುತ್ತದೆ. ಎರಡು ಹಳಿ ದಾಟಿ ಎದುರಿನ ಪ್ಲಾಟ್‌ಫಾರ್ಮ್ ಹತ್ತಲು ಬೇಕಾಗುವುದೇ ಹತ್ತು ಸೆಕೆಂಡಿನ ಆಸುಪಾಸು.

ಇದರ ಮೇಲೆ ಇನ್ನೊಂದು ಭ್ರಮೆ. ದೊಡ್ಡ ವಸ್ತು ಸಣ್ಣದಕ್ಕಿಂತ ನಿಧಾನವಾಗಿ ಚಲಿಸುವಂತೆ ಕಾಣುತ್ತದೆ. ಮನೋವಿಜ್ಞಾನಿ ಹರ್ಷಲ್ ಲೀಬೊವಿಟ್ಜ್ 1985ರಲ್ಲಿ ರೈಲ್ವೆ ಗೇಟುಗಳ ಅಪಘಾತಕ್ಕೆ ಇದೂ ಒಂದು ಕಾರಣ ಎಂದು ಬರೆದರು. ಇದಕ್ಕೆ ಉದಾಹರಣೆ ಬೇಕೆಂದರೆ ಕುರ್ಲಾ, ಘಾಟ್ಕೋಪರ್ ಕಡೆ ನಿಂತು ತಲೆ ಎತ್ತಿ ಸಾಕು. ಇಳಿಯಲು ಬರುವ ಭಾರೀ ವಿಮಾನ ಮಹಡಿಗಳ ಮೇಲೆ ತೇಲುತ್ತಾ ನಿಂತೇ ಬಿಟ್ಟಿದೆಯೇನೋ ಅನ್ನಿಸುತ್ತದೆ. ವಾಸ್ತವದಲ್ಲಿ ಅದು ಗಂಟೆಗೆ ಇನ್ನೂರು ಕಿಲೋಮೀಟರಿಗೂ ಮೇಲಿನ ವೇಗದಲ್ಲಿದೆ. ಅದೇ ಆಕಾಶದಲ್ಲಿ ಪಾರಿವಾಳ ಬಾಣದಂತೆ ಹೋದ ಹಾಗೆ ಕಾಣುತ್ತದೆ.

ಕಿವಿಯಾದರೂ ಕಾಪಾಡಬೇಡವೇ? ಶಬ್ದ ಯಾವ ಕಡೆಯಿಂದ ಬಂತು ಎಂದು ತಿಳಿಯಲು ಮಿದುಳು ಬಳಸುವ ಮುಖ್ಯ ಸುಳಿವು ಎಂದರೆ ಎರಡು ಕಿವಿಗಳಿಗೆ ಅದು ತಲುಪುವ ಸಮಯದ ಅಂತರ. ಆ ಅಂತರ ಹೆಚ್ಚೆಂದರೆ ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿದರೆ ಈ ತಕ್ಕಡಿಯ ಒಂದು ತಟ್ಟೆಯೇ ಹೋಯಿತು. ಇನ್ನು ನಾಲ್ಕು ಹಳಿಗಳಿರುವ ಕಡೆ ಹಾರನ್ ಕೇಳಿ, ಒಂದು ರೈಲನ್ನು ಕಂಡು, ಅದರಿಂದ ತಪ್ಪಿಸಿಕೊಳ್ಳಲು ಪಕ್ಕದ ಹಳಿಗೆ ಸರಿದವರು ಎದುರಿನಿಂದ ಬಂದ ಇನ್ನೊಂದು ರೈಲಿಗೆ ಸಿಗುತ್ತಾರೆ. ಗಮನ ಪೂರ್ತಿ ಒಂದು ಬದಿಗೆ ವಾಲಿದಾಗ ಇನ್ನೊಂದು ಬದಿ ಇಲ್ಲವೇ ಇಲ್ಲ ಎಂಬಂತಾಗುತ್ತದೆ. ಪ್ರಯೋಗಶಾಲೆಯ ಗುಂಡಿಗೂ ಹಳಿಯ ಮೇಲಿನ ಓಟಕ್ಕೂ ಅಜಗಜಾಂತರವಿದೆ, ಒಪ್ಪೋಣ. ಆದರೆ ಎರಡರಲ್ಲೂ ಮಿದುಳು ಮೊದಲು ಕೇಳುವ ಪ್ರಶ್ನೆ ‘ಎಲ್ಲಿ’. ‘ಏನು’, ‘ಎಷ್ಟು ವೇಗ’ ಎಂಬುವು ನಂತರದವು.

ವಡಾಲಾದಲ್ಲಿ ಹಳದಿ ಬಣ್ಣ

ಇದನ್ನು ಅರಿತು ಕೆಲಸ ಮಾಡಿದ ಒಂದು ಪ್ರಯತ್ನ ಮುಂಬಯಿಯಲ್ಲೇ ನಡೆದಿದೆ. 2009–10ರ ಹೊತ್ತಿಗೆ ಹಾರ್ಬರ್ ಮಾರ್ಗದ ವಡಾಲಾದಲ್ಲಿ ‘ಫೈನಲ್‌ಮೈಲ್’ ಎಂಬ ಮುಂಬಯಿಯ ಸಂಸ್ಥೆ ಮಧ್ಯ ರೈಲ್ವೆಯ ಜೊತೆ ಸೇರಿ ಮೂರು ಸಣ್ಣ ಬದಲಾವಣೆ ಮಾಡಿತು. ಗೋಡೆ ಕಟ್ಟಲಿಲ್ಲ, ಪೊಲೀಸರನ್ನು ನಿಲ್ಲಿಸಲಿಲ್ಲ.

ಮೊದಲನೆಯದು, ಹಳಿಯ ಕೆಳಗಿನ ಸ್ಲೀಪರುಗಳಲ್ಲಿ ಕೆಲವಕ್ಕೆ ಅಂತರ ಬಿಟ್ಟು ಢಾಳಾದ ಹಳದಿ ಬಣ್ಣ ಬಳಿದರು. ರೈಲು ಬರುತ್ತಿರುವಾಗ ಹಳದಿ ಪಟ್ಟೆಗಳು ಒಂದೊಂದಾಗಿ ಅದರ ಕೆಳಗೆ ಮಾಯವಾಗುತ್ತವೆ. ದೊಡ್ಡ ಡಬ್ಬಿಯ ವೇಗ ಕಣ್ಣಿಗೆ ಸಿಗದಿದ್ದರೂ ಪಟ್ಟೆಗಳು ಮುಗಿಯುವ ವೇಗ ಸಿಗುತ್ತದೆ. ಎರಡನೆಯದು, ಅಪಾಯ ಎಂದು ಹೇಳುವ ಕಡ್ಡಿಮನುಷ್ಯನ ಚಿತ್ರದ ಬದಲು, ರೈಲಿನಡಿಗೆ ಸಿಗುವ ಕ್ಷಣದ ಒಬ್ಬ ಮನುಷ್ಯನ ಮುಖದ ಫೋಟೊಗಳನ್ನು ದಾಟುವ ಜಾಗದಲ್ಲೇ ಹಾಕಿದರು. ನೋಡಿದವರ ಹೊಟ್ಟೆ ತೊಳಸುವಂಥ ಭಯ ಆ ಕಣ್ಣುಗಳಲ್ಲಿತ್ತು. ಮೂರನೆಯದು, ಮೋಟರ್‌ಮ್ಯಾನ್ ಒಂದು ಉದ್ದ ಹಾರನ್ ಹೊಡೆಯುವ ಬದಲು ಎರಡು ಚಿಕ್ಕ ಹಾರನ್ ಹೊಡೆಯಬೇಕು, ಅದೂ ಜನ ದಾಟುವ ಜಾಗಕ್ಕೆ ಸಾಕಷ್ಟು ಮುಂಚೆ ನೆಟ್ಟ ಫಲಕದ ಬಳಿ. ಎರಡು ಸದ್ದಿನ ನಡುವಿನ ಮೌನ ಕಿವಿಯನ್ನು ಎಚ್ಚರಿಸುತ್ತದೆ ಎಂಬುದು ತರ್ಕ.

ಗಮನಿಸಿ, ಮೂರರಲ್ಲೂ ಮುಖ್ಯವಾದದ್ದು ಜಾಗ. ಸ್ಟೇಷನ್ನಿನ ಗೋಡೆಯ ಮೇಲಿರುವ ‘ಹಳಿ ದಾಟಬೇಡಿ’ ಎಂಬ ಮಾತು ನಿಜವೇ ಆದರೂ ಅದು ನಿರ್ಧಾರ ಆಗುವ ಜಾಗದಲ್ಲಿಲ್ಲ. ದಾಟುವವನು ನಿರ್ಧರಿಸುವುದು ಕಾಲು ಕೆಳಗಿಡುವ ಆ ಒಂದು ಕ್ಷಣದಲ್ಲಿ, ಹಳಿಯ ಕಡೆ ನೋಡುವಾಗ. ಹಳದಿ ಬಣ್ಣ ಅಲ್ಲೇ ಇತ್ತು. ವಡಾಲಾದಲ್ಲಿ ಸಾವುಗಳು ಇಳಿದವು, ಆ ಕ್ರಮಗಳು ಬೇರೆ ಕಡೆಗೂ ಹೋದವು. ಒಂದು ಸ್ಟೇಷನ್ನಿನ ಕೆಲವು ತಿಂಗಳ ಎಣಿಕೆಯಿಂದ ಶಾಶ್ವತ ತೀರ್ಮಾನಕ್ಕೆ ಬರಬಾರದು. ಬಣ್ಣ ಮಾಸುತ್ತದೆ, ಫೋಟೊಗೆ ಕಣ್ಣು ಒಗ್ಗಿಕೊಳ್ಳುತ್ತದೆ. ಜನ ದಾಟುವಲ್ಲೇ ಪಾದಚಾರಿ ಸೇತುವೆ, ಎಸ್ಕಲೇಟರ್, ಬೇಲಿ ಇವೇ ಗಟ್ಟಿ ಪರಿಹಾರ. ಅವು ಬರುವವರೆಗೆ ಡಬ್ಬಿ ಬಣ್ಣದಿಂದ ಒಂದು ಜೀವ ಉಳಿದರೂ ಅದು ಲಾಭವೇ.

ರೈಲು ಓಡಿಸುವವರೂ ಇದೇ ತತ್ವದ ಮೇಲೆ ನಡೆಯುತ್ತಾರೆ. ನಮ್ಮ ದೂರದ ರೈಲುಗಳಲ್ಲಿ ಸಿಗ್ನಲ್ ಕಂಡಾಗ ಲೋಕೋ ಪೈಲಟ್ ಮತ್ತು ಸಹಾಯಕ ಅದರ ಬಣ್ಣವನ್ನು ಗಟ್ಟಿಯಾಗಿ ಕೂಗಿ, ಕೈ ಎತ್ತಿ ತೋರಿಸುತ್ತಾರೆ. ಜಪಾನಿನಲ್ಲಿ ಇದು ಶತಮಾನದ ರೂಢಿ. ಅಲ್ಲಿನ ರೈಲ್ವೆ ಸಂಶೋಧನಾ ಸಂಸ್ಥೆ 1990ರ ದಶಕದಲ್ಲಿ ಒಂದು ಸರಳ ಕೆಲಸ ಕೊಟ್ಟು ಅಳೆದಾಗ, ನೂರಕ್ಕೆ 2.38 ಇದ್ದ ತಪ್ಪು, ಬೆರಳು ತೋರಿಸಿ ಬಾಯಲ್ಲಿ ಹೇಳಿದಾಗ 0.38ಕ್ಕೆ ಇಳಿಯಿತು. ಕಣ್ಣು, ಕೈ, ಬಾಯಿ ಮೂರೂ ಒಂದೇ ಜಾಗಕ್ಕೆ ಹೋದರೆ ಮಿದುಳು ಅಡ್ಡದಾರಿ ಹಿಡಿಯುವುದು ಕಷ್ಟ.

ನಮ್ಮ ಮಟ್ಟಿಗೆ ಇದರಿಂದ ಕೆಲವು ಕೆಲಸಗಳಿವೆ. ಪ್ಲಾಟ್‌ಫಾರ್ಮಿನಲ್ಲಿ, ರಸ್ತೆಯಲ್ಲಿ ಎರಡೂ ಕಿವಿ ಖಾಲಿ ಇರಲಿ. ರೈಲು ‘ನಿಧಾನ ಬರ್ತಿದೆ’ ಎಂದು ಕಂಡರೆ ಅದು ದೂರವಿದೆ ಎಂದಷ್ಟೇ ಅರ್ಥ; ಕಣ್ಣಿಗೆ ಆ ಲೆಕ್ಕ ಬಾರದು. ಊರಿನಿಂದ ಹೊಸದಾಗಿ ಬಂದ ಹುಡುಗರಿಗೆ ರೂಮು, ಮೆಸ್ಸು, ಪಾಸು ಹೇಳಿಕೊಡುವಾಗ ಇದನ್ನೂ ಹೇಳಿಕೊಡೋಣ. ದಾರಿ ಹೇಳುವಾಗ ‘ಎಡಕ್ಕೆ’ ಎನ್ನುವ ಬದಲು ‘ಈಸ್ಟಿಗೆ’, ‘ಕಲ್ಯಾಣ್ ಕಡೆಯ ಸೇತುವೆ’ ಎನ್ನೋಣ. ಮನೆಯ ಸ್ವಿಚ್ ಬೋರ್ಡ್ ಹಾಕಿಸುವಾಗ ಎಲೆಕ್ಟ್ರಿಷಿಯನ್ ಹತ್ತಿರ ನಿಂತು, ಎಡದ ಫ್ಯಾನಿಗೆ ಎಡದ ಸ್ವಿಚ್ ಹಾಕಿಸೋಣ.

ಊರಿಗೂ ಇದು ಬೇಕಾದ ಮಾತು. ಬೆಂಗಳೂರಿನ ಉಪನಗರ ರೈಲು ಯೋಜನೆಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು, ಕೆಲಸ ನಡೆಯುತ್ತಿದೆ. ಹಳಿಯ ಎರಡು ಬದಿಯಲ್ಲೂ ಊರು ಈಗಾಗಲೇ ಬೆಳೆದಿದೆ. ಸೇತುವೆ ಎಲ್ಲಿ ಬರಬೇಕು, ಫಲಕ ಯಾವ ಕಡೆ ಮುಖ ಮಾಡಬೇಕು, ಪ್ಲಾಟ್‌ಫಾರ್ಮಿನ ಅಂಕಿ ಎಲ್ಲಿಂದ ಶುರುವಾಗಬೇಕು ಎಂಬುದನ್ನು ಕಾಗದದ ಮೇಲೆ ಇರುವಾಗಲೇ ಸರಿಮಾಡಿಕೊಳ್ಳಬಹುದು. ಮುಂಬಯಿ ಇದನ್ನೆಲ್ಲ ರೈಲು ಓಡಲು ಶುರುವಾಗಿ ನೂರೈವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, ಬಹಳ ಬೆಲೆ ತೆತ್ತು ಕಲಿಯುತ್ತಿದೆ. ಆ ಯೋಜನೆಯಲ್ಲಿ ಕೆಲಸ ಮಾಡುವ ಎಂಜಿನಿಯರುಗಳಲ್ಲಿ ಯಾರಾದರೂ ಮುಂಬಯಿಗೆ ಬಂದರೆ, ಗೇಟ್‌ವೇ, ಮರೀನ್ ಡ್ರೈವ್ ನೋಡಿದ ಮೇಲೆ ಒಂದು ಸಂಜೆ ವಡಾಲಾ, ಕುರ್ಲಾ ಕಡೆಯ ಪಾದಚಾರಿ ಸೇತುವೆಯ ಮೇಲೆ ನಿಂತು, ಜನ ಎಲ್ಲಿ ಇಳಿಯುತ್ತಾರೆ, ಯಾವ ಕಡೆ ನೋಡುತ್ತಾರೆ ಎಂಬುದನ್ನು ಒಂದು ಗಂಟೆ ಗಮನಿಸಲಿ.